ಬಂಡೆ ಸಿಡಿದದ್ದು ಎಲ್ಲಿ?

ಮೇಡ್ಲೇರಿಯಲ್ಲಿ ನಾನು ಚಿಕ್ಕವನಿದ್ದಾಗ ಅವ್ವ ಗಡಿಗೆ ಕೊಳ್ಳುವ ಮುಂಚೆ ಬೆರಳಿನಿಂದ ಬಡಿದು ನೋಡುತ್ತಿದ್ದಳು. ‘ಟಣ್’ ಎಂದರೆ ಗಟ್ಟಿ, ‘ಬದ್’ ಎಂದರೆ ಸೀಳು. “ಎಲ್ಲಿ ಸೀಳೈತಬೇ?” ಎಂದರೆ, “ಅದನ್ನ ಗಡಿಗಿ ಹೇಳಂಗಿಲ್ಲ” ಎನ್ನುತ್ತಿದ್ದಳು. ಆ ‘ಎಲ್ಲಿ’ಗೆ ಉತ್ತರ ಹುಡುಕಿದವರ ಕತೆ ನನಗೆ ಸಿಕ್ಕಿದ್ದು ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಲ್ಲಿ.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಗೆ ಬಂದ ಗಣಿಗಳು ಕ್ರಮೇಣ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವು. ಅದಿರು ತೆಗೆದಷ್ಟೂ ಮೇಲಿನ ಭಾರ ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಾಳಲಾರದೆ ಅದು ಒಮ್ಮೆಲೇ ಸಿಡಿಯುವುದೇ ರಾಕ್‌ಬರ್ಸ್ಟ್. ಕೆಳಗೆ ಸುರಂಗ ಕುಸಿಯುತ್ತಿತ್ತು, ಮೇಲೆ ಮನೆಗಳು ನಡುಗುತ್ತಿದ್ದವು. ನಡುಕ ಎಲ್ಲರಿಗೂ ತಿಳಿಯುತ್ತಿತ್ತು. ಸಿಡಿದದ್ದು ಎಲ್ಲಿ, ತಮ್ಮವರು ಇಳಿದ ಜಾಗದಲ್ಲೋ ಅಲ್ಲವೋ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಬಂಡೆ ಸಿಡಿದಾಗ ಅಲೆಗಳು ಸುತ್ತ ಹರಡುತ್ತವೆ. ಗಟ್ಟಿ ಕಲ್ಲಿನಲ್ಲಿ ಅವುಗಳ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಹತ್ತಿರದ ಜಿಯೋಫೋನಿಗೆ ಮೊದಲು, ದೂರದ್ದಕ್ಕೆ ಆಮೇಲೆ ತಲುಪುತ್ತವೆ. ಈ ಅಂತರದಿಂದ ಮೂಲವನ್ನು ಲೆಕ್ಕ ಹಾಕಬಹುದು. ಜಾಗಕ್ಕೆ ಮೂರು ಅಳತೆ, ಸಿಡಿದ ಹೊತ್ತು ಒಂದು: ಹೀಗೆ ತಿಳಿಯಬೇಕಾದವು ನಾಲ್ಕು, ಆದ್ದರಿಂದ ಕನಿಷ್ಠ ನಾಲ್ಕು ಜಿಯೋಫೋನು ಬೇಕು. ಸೆಕೆಂಡಿನ ಸಾವಿರದಲ್ಲೊಂದು ಪಾಲು ತಪ್ಪಿದರೂ ಲೆಕ್ಕ 6 ಮೀಟರ್ ಆಚೀಚೆ ಆಗುತ್ತದೆ. ಅದೂ ಅಲ್ಲದೆ, ಗಣಿ ಅಖಂಡ ಬಂಡೆಯಲ್ಲ. ಖಾಲಿ ಜಾಗಗಳನ್ನು ಬಳಸಿ ಬರುವ ಅಲೆ ತಡವಾಗುತ್ತದೆ, ನೇರ ದಾರಿಯ ಲೆಕ್ಕ ಮೋಸ ಮಾಡುತ್ತದೆ.

ಇಂಥ ಆಲಿಸುವಿಕೆಯ ಅನುಭವ ಕರ್ನಾಟಕದಲ್ಲಿ ಮೊದಲೇ ಇತ್ತು. ದೂರದೇಶಗಳ ಅಣುಸ್ಫೋಟಗಳನ್ನು ಗುರುತಿಸಲು ಗೌರಿಬಿದನೂರಿನಲ್ಲಿ 1965ರಲ್ಲೇ ಕಂಪನಮಾಪಕಗಳ ಸಾಲು ಸಿದ್ಧವಾಗಿತ್ತು. ಅದನ್ನು ನಡೆಸುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದಲೇ 1970ರ ದಶಕದ ಕೊನೆಗೆ ಕೆ.ಜಿ.ಎಫ್.ನಲ್ಲಿ ಜಿಯೋಫೋನುಗಳ ಜಾಲ ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲೇ ಶುರುವಾಯಿತು.

ಇಂದು ವಿಮಾನದ ರೆಕ್ಕೆಗೆ ಹಕ್ಕಿ ಬಡಿದ ಜಾಗವನ್ನು ಸಂವೇದಕಗಳಿಂದ ಹುಡುಕುವುದೂ ಇದೇ ಉಪಾಯದಿಂದ. ಅಲ್ಲಿಯೂ ತೊಡಕು ಅದೇ: ಪಟ್ಟಿ, ರಂಧ್ರ, ಜೋಡಣೆಗಳು ಅಲೆಯ ದಾರಿ ತಪ್ಪಿಸುತ್ತವೆ.

ಆದರೂ ಈ ವಿದ್ಯೆ ಹೇಳುವುದು ಎಲ್ಲಿ ಸಿಡಿಯಿತು ಎಂದು. ಮುಂದೆ ಯಾವಾಗ ಎಂದಲ್ಲ. ಆ ‘ಯಾವಾಗ’ದ ಭಯ ಹೊತ್ತೇ ಕಾರ್ಮಿಕರು ದಿನವೂ ಇಳಿದರು. 2001ರಲ್ಲಿ ಗಣಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು. ಆಮೇಲೂ ನೆಲ ಕಂಪಿಸಿತು. ಕೆಲಸ ನಿಂತರೂ ಟೊಳ್ಳು ಹಾಗೇ ಉಳಿದಿತ್ತು.