ಚಮಚ, ಬೆಂಡು, ಚಾಕೊಲೇಟ್ ಕಾಗದ: ಅಗ್ಗದ ಗಾಳದ ಹಳೆಯ ಕಥೆ

ಜೂನ್ ಒಂದನೇ ತಾರೀಕು ಬಂತೆಂದರೆ ನಾವು ಸುದ್ದಿ ಬರೆಯುವವರು ಕಣ್ಣು ಮುಚ್ಚಿ ಬರೆಯುವ ಒಂದು ಸಾಲಿದೆ: 'ಇಂದಿನಿಂದ ಟ್ರಾಲಿಂಗ್ ನಿಷೇಧ'. ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ದಕ್ಕೆಯಲ್ಲೇ ಕಟ್ಟಿಕೊಂಡಿರುತ್ತವೆ. ಇತ್ತ ನಮ್ಮ ದರ್ಬೆಯಲ್ಲಿ ಮೀನಿನ ಗಾಡಿಯ ಎದುರು ನಿಂತವರು ಬಂಗುಡೆಯ ರೇಟು ಕೇಳಿ ಒಣಮೀನಿನ ಕಡೆ ತಿರುಗುತ್ತಾರೆ.

ಆ ಸಾಲಿನಲ್ಲಿ ಒಂದು ಗೊಂದಲ ಇದೆ. ಇಂಗ್ಲಿಷಿನಲ್ಲಿ ಬೇರೆ ಬೇರೆ ಸ್ಪೆಲ್ಲಿಂಗ್ ಇರುವ ಎರಡು ಕಸುಬುಗಳನ್ನು ಕನ್ನಡದಲ್ಲಿ ನಾವು ಒಂದೇ ಥರ 'ಟ್ರಾಲಿಂಗ್' ಅಂತ ಬರೆಯುತ್ತೇವೆ. ಒಂದು, ಚೀಲದಂಥ ದೊಡ್ಡ ಬಲೆಯನ್ನು ಕಡಲಿನ ತಳದಲ್ಲಿ ಎಳೆದುಕೊಂಡು ಹೋಗುವುದು. ನಿಷೇಧದ ಸುದ್ದಿಯಲ್ಲಿ ಬರುವುದು ಅದು. ಇನ್ನೊಂದು, ಸಣ್ಣ ದೋಣಿಯ ಹಿಂದೆ ದಾರ ಬಿಟ್ಟು, ದಾರದ ತುದಿಯಲ್ಲಿ ಗಾಳ, ಗಾಳಕ್ಕೊಂದು ಸುಳ್ಳು ಎರೆ ಕಟ್ಟಿ ನಿಧಾನಕ್ಕೆ ಎಳೆಯುವುದು. ನಾವು ಇಲ್ಲಿ ಹೇಳಹೊರಟದ್ದು ಈ ಎರಡನೆಯದರ ಬಗ್ಗೆ.

ಕಾರಣ ಇಷ್ಟೆ. ದರ್ಬೆಯ ಗೆಳೆಯರೊಬ್ಬರ ಭಾವನಿಗೆ ಉಳ್ಳಾಲದ ಕಡೆ ಒಂದು ಫೈಬರ್ ದೋಣಿ ಇದೆ, ಸಣ್ಣ ಎಂಜಿನ್. ಅಂಜಲ್‌ಗೆ ಗಾಳ ಎಳೆಯುವ ಅಂತ ಇವರಿಬ್ಬರೂ ಸೇರಿ ಫೋನಿನಲ್ಲಿ ನೋಡಿ ಒಂದು ಡಬ್ಬಿ ತರಿಸಿದರು. ಒಳಗೆ ಮೂವತ್ತು ಲೂರ್, ಪ್ಲಾಸ್ಟಿಕ್ ಮೀನು, ಹಸಿರು, ಕೆಂಪು, ಹಳದಿ, ಕಣ್ಣು ಬೇರೆ. ಎರಡು ಸಲ ಕಡಲಿಗೆ ಹೋಗಿ ಬಂದದ್ದೇ, ಗಾಳಕ್ಕೆಲ್ಲ ತುಕ್ಕು. ಒಂದು ದೊಡ್ಡ ಮೀನು ಕಚ್ಚಿದ್ದಕ್ಕೆ ಕೊಂಡಿಯೇ ಬಿಚ್ಚಿಕೊಂಡಿತು. "ನೀವು ಪೇಪರಿನವರಲ್ವಾ, ಕಮ್ಮಿ ಕ್ರಯದಲ್ಲಿ ಯಾವುದು ಒಳ್ಳೆಯದು ಹೇಳಿ ಮಾರಾಯ್ರೆ" ಅಂತ ನಮ್ಮನ್ನು ಕೇಳಿದರು. ನಮಗೆ ಗಾಳ ಹಾಕಿ ಗೊತ್ತಿಲ್ಲ. ಹಳೆಯ ಪುಸ್ತಕ ಹುಡುಕಿ ಗೊತ್ತು. ಹುಡುಕುತ್ತಾ ಹೋದರೆ ದಾರಿ ಮಂಗಳೂರಿಗೇ ಬಂದು ನಿಂತಿತು.

1873ರಲ್ಲಿ ಮಂಗಳೂರಿನಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಭಾರತದ ಹೊಳೆಗಳಲ್ಲಿ ಗಾಳ ಹಾಕುವುದು ಹೇಗೆ ಎಂಬ ಪುಸ್ತಕ. ಬರೆದವರು ಹೆನ್ರಿ ಸಲಿವಾನ್ ಥಾಮಸ್, ಮದ್ರಾಸ್ ಸರ್ಕಾರದ ಅಧಿಕಾರಿ, ನಮ್ಮ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಆಗ ಪುತ್ತೂರು, ಸುಳ್ಯದ ಕಡೆಯ ಊರುಗಳೆಲ್ಲ ಉಪ್ಪಿನಂಗಡಿ ತಾಲ್ಲೂಕು. ಮುಂದೆ ಇದೇ ಪುಸ್ತಕ ಲಂಡನ್ನಿನಲ್ಲಿ 1881ರಲ್ಲಿ ಮತ್ತೆ ಬಂತು, 1897ರಲ್ಲಿ ಮೂರನೆಯ ಸಲ. ಇಂಡಿಯಾಕ್ಕೆ ನೌಕರಿಗೆ ಬರುವ ಬಿಳಿಯರು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬರುವಷ್ಟು ಹೆಸರಾಯಿತು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು ನಮಗೆ ಶಾಲೆಯಲ್ಲೇ ಹೇಳಿಕೊಟ್ಟಿದ್ದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು ಗಾಳದ ಪುಸ್ತಕವೊಂದು ಅಚ್ಚಾಗಿತ್ತು ಅಂತ ಯಾರೂ ಹೇಳಿರಲಿಲ್ಲ.

ಥಾಮಸರ ಕಣ್ಣು ಇದ್ದದ್ದು ಮಹಶೀರ್ ಮೇಲೆ. ನಮ್ಮಲ್ಲಿ ದೇವರ ಮೀನು ಅನ್ನುತ್ತೇವಲ್ಲ, ಅದೇ. ಅದರ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನೊಳಗೆ ಇದೆ. ಆದರೆ ಬಾಯಿಯ ಅದುಮಿಗೆ ಗಾಳವೇ ಚಪ್ಪಟೆಯಾಗುತ್ತದೆ, ಆದ್ದರಿಂದ ಗಾಳ ಗಟ್ಟಿ ಇರಲಿ ಎಂದು ಅವರು ಒತ್ತಿ ಹೇಳಿದರು. ಆ ಮೀನಿಗೆ ಅವರು ಹೇಳುವ ಎರೆಗಳಲ್ಲಿ ಒಂದು 'ಸ್ಪೂನ್', ಅಂದರೆ ಚಮಚ.

ಈ ಚಮಚ ಅಮೆರಿಕದಿಂದ ಬಂದದ್ದು. ಜೂಲಿಯೊ ಬ್ಯೂಲ್ ಎಂಬ ಹುಡುಗ ವರ್ಮಾಂಟ್‌ನ ಕೆರೆಯಲ್ಲಿ ದೋಣಿಯಲ್ಲಿ ಕೂತು ಊಟ ಮಾಡುವಾಗ ಚಮಚ ಕೈಜಾರಿ ನೀರಿಗೆ ಬಿತ್ತಂತೆ, ಅದು ಹೊಳೆಯುತ್ತಾ ಮುಳುಗುವಾಗ ದೊಡ್ಡ ಮೀನೊಂದು ಬಂದು ಹೊಡೆಯಿತಂತೆ. ಅವನು ಇನ್ನೊಂದು ಚಮಚದ ಹಿಡಿ ಕತ್ತರಿಸಿ, ತೂತು ಕೊರೆದು, ಗಾಳ ಸಿಕ್ಕಿಸಿದ. ಕಥೆ ಎಷ್ಟು ನಿಜವೋ, 1852ರಲ್ಲಿ ಅವನು ಪೇಟೆಂಟ್ ಪಡೆದದ್ದಂತೂ ದಾಖಲೆಯಲ್ಲಿದೆ. ಇಪ್ಪತ್ತೇ ವರ್ಷದಲ್ಲಿ ಅದು ಮಂಗಳೂರಿನ ಪುಸ್ತಕದೊಳಗೆ ಬಂದು ಕೂತಿತು.

ಥಾಮಸ್ ಬರೀ ಶೋಕಿಯವರಲ್ಲ. ಗಾಳದ ಪುಸ್ತಕಕ್ಕೂ ಮೊದಲು, 1870ರಲ್ಲೇ, ಜಿಲ್ಲೆಯ ಮೀನುಗಳ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಸಣ್ಣ ಕಣ್ಣಿನ ಬಲೆ, ಕೂಳಿಗಳಲ್ಲಿ ಮರಿಗಳೆಲ್ಲ ಹೋಗುತ್ತಿವೆ, ಹೊಳೆಗೆ ವಿಷ ಹಾಕುತ್ತಿದ್ದಾರೆ ಎಂಬ ದೂರು ಅವರದು. ಹೊಟ್ಟೆಪಾಡಿಗೆ ಮೀನು ಹಿಡಿಯುವ ಬಡವನ ಮೇಲೆ ಗಾಳದ ಹುಚ್ಚಿನ ಸಾಹೇಬರು ಬೆರಳು ತೋರಿಸಿದ್ದರಲ್ಲಿ ಸ್ವಾರ್ಥವೂ ಇತ್ತು ಅಂತ ನಮಗನ್ನಿಸುತ್ತದೆ. ಆದರೆ ದೂರು ಸುಳ್ಳಾಗಿರಲಿಲ್ಲ. 1897ರ ಮೀನುಗಾರಿಕೆ ಕಾಯ್ದೆ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ಅದಾಗಿ ಸುಮಾರು ನೂರು ವರ್ಷಕ್ಕೆ, 1996ರಲ್ಲಿ, ಶಿಶಿಲದ ದೇವಸ್ಥಾನದ ಹೊಳೆಗೆ ಯಾರೋ ವಿಷ ಹಾಕಿ ದೇವರ ಮೀನುಗಳು ರಾಶಿ ರಾಶಿ ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ.

ಹಾಗಾಗಿ ಗೆಳೆಯರಿಗೆ ಮೊದಲು ಹೇಳಿದ ಮಾತು: ಚಮಚ ಕಟ್ಟಿಕೊಂಡು ಕುಮಾರಧಾರೆಗೋ ತೊಡಿಕಾನದ ಮತ್ಸ್ಯತೀರ್ಥಕ್ಕೋ ಹೋಗಬೇಡಿ. ಅಲ್ಲಿ ನಾವು ಅಕ್ಕಿ ಹಾಕುವುದು, ಗಾಳ ಅಲ್ಲ. ಕಡಲಿಗೆ ಹೋಗಿ.

ಕಡಲಿನಲ್ಲಿ ದೋಣಿಯ ಹಿಂದೆ ಗಾಳ ಎಳೆಯುವುದು ಹೊಸ ಶೋಕಿ ಏನಲ್ಲ. ಪೆಸಿಫಿಕ್ ದ್ವೀಪಗಳವರು ಕಬ್ಬಿಣ ಕಾಣುವ ಮೊದಲೇ ಮುತ್ತಿನ ಚಿಪ್ಪನ್ನು ಉಜ್ಜಿ, ಅದಕ್ಕೆ ಮೂಳೆಯ ಕೊಕ್ಕೆ ಕಟ್ಟಿ, ದೋಣಿಯ ಹಿಂದೆ ಬಿಟ್ಟು ಕೇದರ್ ಜಾತಿಯ ಮೀನು ಹಿಡಿಯುತ್ತಿದ್ದರು. ಅಷ್ಟು ದೂರ ಯಾಕೆ, ನಮ್ಮ ಲಕ್ಷದ್ವೀಪ ಇದೆಯಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದವು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಲ್ಲಿಯವರ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಆ ದ್ವೀಪಗಳ ಕಡೆ ಇವತ್ತಿಗೂ ದೋಣಿಯ ಹಿಂದೆ ಗಾಳ ಎಳೆಯುತ್ತಾರೆ. ಮಿನಿಕಾಯ್‌ನವರ ಕೇದರ್ ಹಿಡಿಯುವ ರೀತಿ ಬೇರೆ, ಉದ್ದನೆಯ ಕೋಲಿನಲ್ಲಿ. ಮೀನು ಸೇರಲಿ ಅಂತ ಸಣ್ಣ ಜೀವಂತ ಮೀನು ಎರಚುತ್ತಾರೆ. ಗಾಳದಲ್ಲಿ ಮಾತ್ರ ಎರೆಯೇ ಇಲ್ಲ, ಬರೀ ಹೊಳೆಯುವ ಕೊಕ್ಕೆ.

ಇನ್ನೊಬ್ಬರ ಕಥೆ ಹೇಳದಿದ್ದರೆ ಆಗುವುದಿಲ್ಲ. ಫಿನ್‌ಲ್ಯಾಂಡಿನ ಲೌರಿ ರಾಪಾಲ ಬಡವರು, ಕೂಲಿ ಮಾಡುತ್ತಾ ಪೈಯಾನ್ನೆ ಎಂಬ ದೊಡ್ಡ ಸರೋವರದಲ್ಲಿ ಹುಟ್ಟು ಹಾಕಿಕೊಂಡು ಮೀನು ಹಿಡಿಯುತ್ತಿದ್ದರು. ಸಣ್ಣ ಮೀನುಗಳ ಗುಂಪಿನಲ್ಲಿ ದೊಡ್ಡ ಮೀನು ಯಾವುದನ್ನು ಹಿಡಿಯುತ್ತದೆ ಅಂತ ನೋಡಿದರು. ಸರಿಯಾಗಿ ಈಜಲಾಗದೆ ಒಂದು ಪಕ್ಕಕ್ಕೆ ವಾಲಾಡುವುದನ್ನು ಅದು ಹೊಡೆಯುತ್ತಿತ್ತು. 1936ರಲ್ಲಿ ಅವರು ಚಪ್ಪಲಿ ಹೊಲಿಯುವವರ ಚೂರಿಯಿಂದ ಬೆಂಡನ್ನು ಮೀನಿನಂತೆ ಕೆತ್ತಿ, ಚಾಕೊಲೇಟಿನ ಬೇಗಡೆ ಕಾಗದ ಸುತ್ತಿ, ನೀರು ತಾಗದಂತೆ ಮೇಲಿಂದ ಫೋಟೋ ನೆಗೆಟಿವ್ ಕರಗಿಸಿ ಬಳಿದರು. ಅದನ್ನು ದೋಣಿಯ ಹಿಂದೆ ಎಳೆದರೆ ಗಾಯಗೊಂಡ ಮೀನಿನಂತೆಯೇ ವಾಲಾಡಿತು. ಇವತ್ತು ಅವರ ಹೆಸರಿನ ಕಂಪೆನಿಯ ಲೂರ್‌ಗಳು ಜಗತ್ತಿನಲ್ಲೆಲ್ಲ ಮಾರಾಟಕ್ಕಿವೆ, ಕ್ರಯ ನಮ್ಮ ಕೈಗೆಟುಕುವಂಥದ್ದಲ್ಲ. ಮೊದಲನೆಯದಕ್ಕೆ ಮಾತ್ರ ಖರ್ಚೇ ಇರಲಿಲ್ಲ.

ಇದನ್ನೆಲ್ಲ ಓದಿ ನಮಗೆ ತಿಳಿದದ್ದನ್ನು ಗೆಳೆಯರ ಭಾವನಿಗೆ ಫೋನಿನಲ್ಲೇ ಹೇಳಿದೆವು. ಮೀನು ನೋಡುವುದು ಹೊಳಪು, ಗಾತ್ರ, ವಾಲಾಟ. ಕಣ್ಣು, ಹುರುಪೆ, ಬಣ್ಣದ ಚಿತ್ತಾರ ಎಲ್ಲ ಕೊಳ್ಳುವವನನ್ನು ಹಿಡಿಯಲಿಕ್ಕೆ ಇರುವುದು. ಕೆಂಪು ಬಣ್ಣವಂತೂ ನೀರಿನೊಳಗೆ ಇಳಿದಂತೆ ಎಲ್ಲಕ್ಕಿಂತ ಮೊದಲು ಮಾಸಿಹೋಗುತ್ತದೆ. ಬೂತಾಯಿಯ ಹೊಟ್ಟೆಯ ಹಾಗೆ ಬೆಳ್ಳಗೆ ಮಿಂಚಿದರೆ ಸಾಕು. ಉಳಿಸುವುದಾದರೆ ಎರೆಯ ಮೈಯಲ್ಲಿ ಉಳಿಸಿ. ಗಾಳದಲ್ಲೂ ಕೊಂಡಿಯಲ್ಲೂ ಉಳಿಸಲು ಹೋಗಬೇಡಿ, ಆ ಡಬ್ಬಿಯವರು ಉಳಿಸಿದ್ದು ಅಲ್ಲೇ. ಉಪ್ಪುನೀರಿಗೆ ತಡೆಯುವ ಗಾಳ ತನ್ನಿ. ಅಂಗಡಿಯವರು ಸ್ವಿವೆಲ್ ಅನ್ನುವ ತಿರುಗುವ ಕೊಂಡಿ ಹಾಕಿ, ಇಲ್ಲದಿದ್ದರೆ ಚಮಚ ಸುತ್ತಿ ಸುತ್ತಿ ದಾರವೆಲ್ಲ ಹುರಿಗಟ್ಟುತ್ತದೆ. ಅಂಜಲ್‌ನ ಹಲ್ಲಿಗೆ ನೈಲಾನ್ ದಾರ ಲೆಕ್ಕವಲ್ಲ, ಗಾಳದ ಹತ್ತಿರ ಒಂದು ಮೊಳ ಸ್ಟೀಲ್ ತಂತಿ ಬೇಕು.

ಚಮಚಕ್ಕೆ ಪಾತ್ರೆ ಅಂಗಡಿಯೇ ಸಾಕು. ಹಿಡಿ ಕತ್ತರಿಸಿ, ಅಂಚು ಅರದಲ್ಲಿ ಉಜ್ಜಿ, ಎರಡೂ ತುದಿಗೆ ತೂತು. ಕಿರಿದಾದ ತುದಿಗೆ ದಾರ, ಅಗಲದ ತುದಿಗೆ ಗಾಳ. ದಾರ ಪೂರ್ತಿ ಬಿಡುವ ಮೊದಲು ದೋಣಿಯ ಪಕ್ಕದಲ್ಲೇ ಎಳೆದು ನೋಡಬೇಕು. ಅತ್ತಿತ್ತ ವಾಲಾಡಿದರೆ ಸರಿ, ಗಿರಗಿರ ಸುತ್ತಿದರೆ ಎಂಜಿನ್ ನಿಧಾನ ಮಾಡಬೇಕು. ತೆಳು ಚಮಚ ನಿಧಾನಕ್ಕೆ ಒಳ್ಳೆಯದು, ವೇಗ ಬೇಕೆಂದರೆ ದಪ್ಪದ್ದು. ಅದಕ್ಕೂ ಹೆಚ್ಚು ವೇಗವಾದರೆ ಚಮಚ ಬಿಟ್ಟು ಗಾಳಕ್ಕೆ ಬಿಳಿ ಕೋಳಿಗರಿ ಕಟ್ಟುವುದು ಲೇಸು.

ಮೊನ್ನೆ ಭಾನುವಾರ ದರ್ಬೆಯಲ್ಲಿ ಗೆಳೆಯರು ಸಿಕ್ಕಿದ್ದರು. ಭಾವ ನಾಲ್ಕು ಚಮಚ ಮಾಡಿದ್ದರಂತೆ. ಎರಡು ಕಲ್ಲಿಗೆ ಸಿಕ್ಕಿ ಹೋದವು, ಒಂದಕ್ಕೆ ಅಂಜಲ್ ಬಂತು, ಮಧ್ಯಮ ಗಾತ್ರದ್ದು, ಮಾರದೆ ಮನೆಗೇ ತಂದರಂತೆ. ಪಾತ್ರೆ ಅಂಗಡಿಗೆ ಹೋಗಲು ಉದಾಸೀನ ಮಾಡಿ ಅಡುಗೆಮನೆಯಿಂದಲೇ ಎತ್ತಿದ್ದರಿಂದ, ಅಕ್ಕ ಈಗ ದಿನಾ ರಾತ್ರಿ ಚಮಚ ಎಣಿಸಿಯೇ ಮಲಗುತ್ತಾರಂತೆ.