ಎರಡಾಣೆಯ ಪಿಗ್ಮಿ: ಉಡುಪಿಯಿಂದ ಪುಣೆಯ ಪೇಟೆಗೆ



ಪುಣೆಯ ಪೇಟೆಗಳಲ್ಲಿ ಅಂಗಡಿಯಿಂದ ಅಂಗಡಿಗೆ ನಡೆದು, ವ್ಯಾಪಾರಿಗಳಿಂದ ದಿನದ ಉಳಿತಾಯ ಪಡೆದು, ರಸೀದಿ ಕೊಟ್ಟು ಹೋಗುವ ಪತಸಂಸ್ಥೆಯವರನ್ನು ನೀವು ನೋಡಿರುತ್ತೀರಿ. ಮರಾಠಿಯಲ್ಲೂ ಅವರಿಗೆ 'ಪಿಗ್ಮಿ ಏಜೆಂಟ್' ಎಂದೇ ಹೆಸರು. ಈ ಹೆಸರಿನ ತವರು ನಮ್ಮ ಉಡುಪಿ ಎಂಬುದು ಎಷ್ಟು ಜನರಿಗೆ ಗೊತ್ತು?

1925ರಲ್ಲಿ ಅಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ತಮ್ಮ ಡಾ. ಟಿ.ಎಂ.ಎ. ಪೈ ವೈದ್ಯರು, ವಾಮನ ಶ್ರೀನಿವಾಸ ಕುಡ್ವ ಇಂಜಿನಿಯರ್. ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಮೊದಲ ಗುರಿ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

ಸಾಲ ಕೊಡಲು ಹಣ ಬೇಕು, ಆದರೆ ದಿನಗೂಲಿಯವರು, ಸಣ್ಣ ವ್ಯಾಪಾರಿಗಳು ಬ್ಯಾಂಕಿನ ಮೆಟ್ಟಿಲು ಹತ್ತುವವರಲ್ಲ. ಅದಕ್ಕೆ 1928ರಲ್ಲಿ ಬ್ಯಾಂಕೇ ಅವರ ಮನೆ ಬಾಗಿಲಿಗೆ ಹೊರಟಿತು. ದಿನಕ್ಕೆ ಕನಿಷ್ಠ ಎರಡಾಣೆ. ಇದೇ ಪಿಗ್ಮಿ ಠೇವಣಿ.

ಒಮ್ಮೆ ಲೆಕ್ಕ ಹಾಕಿ ನೋಡಿ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ಬಡ್ಡಿ ಬಿಟ್ಟೇ 45 ರೂಪಾಯಿ ಹತ್ತಾಣೆ! ತಿಂಗಳ ಕೊನೆಗೆ ಒಟ್ಟಿಗೆ ಇಷ್ಟು ಕೊಡಿ ಎಂದರೆ ಕೈಲಾಗದವರಿಗೂ ದಿನಕ್ಕೆ ಎರಡಾಣೆ ಭಾರವಾಗಲಿಲ್ಲ. ಸಂಗ್ರಾಹಕ ದಿನವೂ ಬರುತ್ತಾನೆಂಬ ನೆನಪೇ ದುಂದುವೆಚ್ಚಕ್ಕೆ ಕಡಿವಾಣ. ಹನಿ ಹನಿ ಗೂಡಿದರೆ ಹಳ್ಳ ಎನ್ನುವುದು ಇದನ್ನೇ ಅಲ್ಲವೇ?

ಆ ಸಂಗ್ರಾಹಕರ ಸಂಪಾದನೆ ಕಮಿಷನ್ ಮೇಲೆ. ಅವರೂ ಕಾನೂನಿನ ಪ್ರಕಾರ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಇತ್ತು, 1935ರಲ್ಲಿ ಪುಣೆಯಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಮಹಾರಾಷ್ಟ್ರವೂ ಇತ್ತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಎರಡು ಭಾಷೆಗಳಲ್ಲಿ ಉಳಿದಿದೆ.

ಉಳಿಸುವುದು ಅರ್ಧ ಕೆಲಸ, ಎಲ್ಲಿ ಇಡುತ್ತೇವೆ ಎಂಬುದು ಉಳಿದರ್ಧ. ಇದು ಪುಣೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1912ರಲ್ಲಿ ಇಲ್ಲಿ ಸ್ಥಾಪನೆಯಾದ ರುಪೀ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2013ರಲ್ಲಿ ನಿರ್ಬಂಧ ಹೇರಿತು, 2022ರಲ್ಲಿ ಪರವಾನಗಿ ರದ್ದಾಯಿತು. ನಡುವಿನ ವರ್ಷಗಳಲ್ಲಿ ತಮ್ಮದೇ ಹಣಕ್ಕೆ ಠೇವಣಿದಾರರು ಕಾಯಬೇಕಾಯಿತು.

ಆದ್ದರಿಂದ ಎರಡು ಮಾತು ನೆನಪಿಡಿ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಇದು 1 ಲಕ್ಷ ಮಾತ್ರವಿತ್ತು. ಪತಸಂಸ್ಥೆಗೂ ನೆರೆಹೊರೆಯ ಭಿಶಿಗೂ ಈ ವಿಮೆಯ ಆಸರೆ ಇಲ್ಲ. ಎರಡನೆಯದು, ಏಜೆಂಟರು ಎಷ್ಟೇ ಪರಿಚಿತರಾಗಿರಲಿ, ಅಂದಂದಿನ ರಸೀದಿ ಅಂದೇ ಪಡೆಯಿರಿ, ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ.

ಮನೆಯ ಮಕ್ಕಳಿಗೂ ಈ ಎರಡಾಣೆಯ ಕಥೆ ಹೇಳಿ, ಅವರ ಹೆಸರಿನಲ್ಲೊಂದು ಖಾತೆ ತೆರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.