ನೋಡತಕ್ಕ ಮೂರು ಚಿತ್ರಗಳು

ಕನ್ನಡದ ಮೊದಲನೆಯ ವಾಕ್ಚಿತ್ರವು ‘ಸತೀ ಸುಲೋಚನಾ’. 1934ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಅದು ತೆರೆಯ ಮೇಲೆ ಬಂದಿತು. ವೈ. ವಿ. ರಾಯರು ಅದರ ನಿರ್ದೇಶಕರು. ಸುಬ್ಬಯ್ಯನಾಯಿಡು ಅವರು ಇಂದ್ರಜಿತುವಾಗಿಯೂ, ತ್ರಿಪುರಾಂಬೆಯವರು ಸುಲೋಚನೆಯಾಗಿಯೂ ಅಭಿನಯಿಸಿದ್ದರು. ಚಿತ್ರೀಕರಣವು ಕೊಲ್ಹಾಪುರದಲ್ಲಿ ನಡೆದಿದ್ದಿತು. ಇಷ್ಟನ್ನೂ ನಾವು ಬರೆಹಗಳಿಂದ ಬಲ್ಲೆವೇ ಹೊರತು ಕಣ್ಣಿನಿಂದಲ್ಲ. ಆ ಚಿತ್ರದ ಪ್ರತಿಯು ಉಳಿಯಲಿಲ್ಲ. ತಾಳೆಗರಿಯ ಗ್ರಂಥಗಳನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದ ನಾವು ಒಂದು ಚಿತ್ರವನ್ನು ಒಂದು ಆಯುಷ್ಯದ ಕಾಲವಾದರೂ ಕಾಪಾಡಲಾರದೆ ಹೋದೆವೆಂಬುದು ವಿಚಾರಾರ್ಹವಾದ ಸಂಗತಿಯು.

ಆರಂಭದ ದಶಕಗಳಲ್ಲಿ ನಮ್ಮ ಚಿತ್ರಗಳು ವೃತ್ತಿರಂಗಭೂಮಿಯ ದಾರಿಯನ್ನೇ ಹಿಡಿದು, ಪುರಾಣಕಥೆಗಳನ್ನೂ ಭಕ್ತರ ಚರಿತ್ರೆಗಳನ್ನೂ ತೋರಿಸುತ್ತಲಿದ್ದುವು. 1954ರ ‘ಬೇಡರ ಕಣ್ಣಪ್ಪ’ನು ಆ ಪರಂಪರೆಯ ಸತ್ಫಲವು. 1970ರಿಂದ ಮುಂದಕ್ಕೆ ಮಾತ್ರ ಕೆಲವರು ಬೇರೊಂದು ದಾರಿಯನ್ನು ತುಳಿದು, ದೇವಲೋಕವನ್ನು ಬಿಟ್ಟು ನಮ್ಮ ಮನೆಯ ನಡುಮನೆಗೇ ದೀಪವನ್ನು ಹಿಡಿದರು. ಅಂತಹ ಚಿತ್ರಗಳಲ್ಲಿ ಮೂರನ್ನು ವಾಚಕರು ಅವಶ್ಯವಾಗಿ ನೋಡತಕ್ಕವೆಂದು ಇಲ್ಲಿ ಬಿನ್ನವಿಸುವೆನು.

ಮೊದಲನೆಯದು 1970ರ ‘ಸಂಸ್ಕಾರ’. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರಕ್ಕೆ ತಂದರು. ಸೆನ್ಸಾರಿನವರು ಮೊದಲು ತಡೆಹಿಡಿದ ಈ ಚಿತ್ರಕ್ಕೇ ಅನಂತರ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಆಚಾರವನ್ನೆಲ್ಲ ಮೀರಿ ಬಾಳಿದ ನಾರಣಪ್ಪನು ಸಾಯುತ್ತಾನೆ. ಅವನ ಶವಕ್ಕೆ ಸಂಸ್ಕಾರ ಮಾಡತಕ್ಕವರಾರು? ಅವನಿಗೆ ಬಹಿಷ್ಕಾರವಾಗಿರಲಿಲ್ಲವಾದ್ದರಿಂದ ಅವನು ಬ್ರಾಹ್ಮಣನೇ, ಆದರೂ ಮುಟ್ಟುವವರಿಲ್ಲ. ಗಿರೀಶ ಕಾರ್ನಾಡರು ಅಭಿನಯಿಸಿದ ಪ್ರಾಣೇಶಾಚಾರ್ಯನು ಓಲೆಗ್ರಂಥಗಳನ್ನೆಲ್ಲ ಮಗುಚಿದರೂ ಉತ್ತರವು ದೊರೆಯದು.

ಎರಡನೆಯದು 1975ರ ‘ಚೋಮನ ದುಡಿ’. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಕಾದಂಬರಿಗೆ ಬಿ. ವಿ. ಕಾರಂತರು ಚಿತ್ರರೂಪವನ್ನು ಕೊಟ್ಟರು. ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿಯು ಬಂದಿತು. ಚೋಮನಿಗೆ ಎತ್ತುಗಳುಂಟು, ತೋಳಿನಲ್ಲಿ ಬಲವುಂಟು. ಉಳಲು ಒಂದಿಷ್ಟು ನೆಲ ಮಾತ್ರವಿಲ್ಲ. ಹುಟ್ಟಿದ ಜಾತಿಯ ಕಾರಣದಿಂದ ಅವನು ಬೇಸಾಯಗಾರನಾಗಕೂಡದು. ಅವನ ದುಃಖವೂ ಸಿಟ್ಟೂ ದುಡಿಯ ಬಡಿತದಲ್ಲಿಯೇ ಹೊರಬೀಳುವುವು.

ಮೂರನೆಯದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಇದಕ್ಕೂ ಅನಂತಮೂರ್ತಿಯವರ ಕಥೆಯೇ ಆಧಾರ. 1977ರಲ್ಲಿ ಈ ಚಿತ್ರವು ಬಂದಾಗ ನಾನು ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಯಾಗಿದ್ದೆನು. ನೋಡಕೂಡದೆಂದು ಹಿರಿಯರು ವಿಧಿಸಿದರು. ನಾನೂ ನೋಡದೆಯೇ ಹಳಿದೆನು. ಎಷ್ಟೋ ವರ್ಷಗಳ ತರುವಾಯ, ನಾನೇ ಉಪಾಧ್ಯಾಯನಾಗಿದ್ದಾಗ, ಅದನ್ನು ನೋಡಿದೆನು. ವೇದಪಾಠಶಾಲೆಗೆ ಹೊಸದಾಗಿ ಬಂದ ನಾಣಿಯೆಂಬ ಬಾಲಕನಿಗೆ ತಾಯಿಯಂತಾದವಳು ಗುರುಗಳಾದ ಉಡುಪರ ವಿಧವೆ ಮಗಳು ಯಮುನೆ. ಅವಳು ಗರ್ಭಿಣಿಯಾದುದು ತಿಳಿಯುತ್ತಲೆ, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧವನ್ನು ಮಾಡಿ, ತಾನು ಎಳೆಯ ಕನ್ಯೆಯೊಬ್ಬಳನ್ನು ಮದುವೆಯಾಗಲು ಒಪ್ಪುವನು. ತಲೆ ಬೋಳಿಸಿದ ಯಮುನೆಯು ಮರದಡಿಯಲ್ಲಿ ಒಬ್ಬಳೇ ಕುಳಿತ ದೃಶ್ಯವನ್ನು ಕಂಡ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮಾರನೆಯ ದಿನ ಮನುಸ್ಮೃತಿಯ 11ನೆಯ ಅಧ್ಯಾಯವನ್ನು ತೆರೆದೆನು. ಪತಿತನಾದವನು ಸತ್ತನೆಂದೇ ಭಾವಿಸಿ, ದಾಸಿಯೊಬ್ಬಳು ನೀರು ತುಂಬಿದ ಘಟವನ್ನು ಕಾಲಿನಿಂದ ಉರುಳಿಸತಕ್ಕದ್ದೆಂಬ ವಿಧಿಯು ಅಲ್ಲಿರುವುದು ನಿಜ. ಆದರೆ ಅದರ ಹಿಂದೆಯೇ, ಪ್ರಾಯಶ್ಚಿತ್ತವನ್ನು ಮಾಡಿಕೊಂಡವನೊಡನೆ ಬಂಧುಗಳು ಸ್ನಾನಮಾಡಿ ಹೊಸ ಘಟವನ್ನು ನೀರಿಗೆ ಬಿಡತಕ್ಕದ್ದೆಂದೂ, ಪತಿತಳಾದ ಹೆಂಗಸಿಗೆ ಅನ್ನ, ಪಾನ, ವಸ್ತ್ರಗಳನ್ನು ಕೊಟ್ಟು ಮನೆಯ ಸಮೀಪದಲ್ಲಿಯೇ ಇರಿಸತಕ್ಕದ್ದೆಂದೂ ಹೇಳಿದೆ. ಬಾಲ್ಯದಲ್ಲಿ ಕಲಿತಿದ್ದ ಈ ಶ್ಲೋಕಗಳನ್ನು ನಾನು ಓದಿದ್ದೆನೇ ಹೊರತು ಕಂಡಿರಲಿಲ್ಲ. ಘಟವನ್ನು ಒಡೆಯುವ ವಿಧಿಯನ್ನು ನೆನಪಿಟ್ಟವರು ಹೊಸ ಘಟದ ವಿಧಿಯನ್ನು ಮರೆತರು. ಇದರಿಂದ ಸ್ಮೃತಿಯು ನಿರ್ದೋಷವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಚೋಮನಿಗೆ ಅದರಲ್ಲಿ ಯಾವ ಆಸರೆಯೂ ಇಲ್ಲ.

ಈ ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ಸತ್ಯವು ಹೊಳೆಯುವುದು. ಎಲ್ಲ ನಿಯಮಗಳನ್ನೂ ಬೇಕೆಂದೇ ಮುರಿದ ನಾರಣಪ್ಪನಿಗಾಗಿ ಘಟವನ್ನು ಒಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ದಿಕ್ಕಿಲ್ಲದ ಯಮುನೆಗಾಗಿ ಅದು ಸುಲಭವಾಗಿ ಒಡೆಯಿತು. ಚೋಮನಿಗಾಗಿ ಒಡೆಯಬೇಕಾದ ಘಟವೇ ಇರಲಿಲ್ಲ. ಅವನು ಹುಟ್ಟಿನಿಂದಲೇ ಹೊರಗಿನವನು. ಈ ಚಿತ್ರಗಳು ಧರ್ಮನಿಂದೆಯೆನ್ನುವವರು ಇದನ್ನು ಪರ್ಯಾಲೋಚಿಸಲಿ. ಕನ್ನಡಿಯನ್ನು ಒಡೆದ ಮಾತ್ರಕ್ಕೆ ಮುಖದ ಮಸಿಯು ಹೋಗದಷ್ಟೆ.

‘ಘಟಶ್ರಾದ್ಧ’ದ ಪ್ರತಿಯು ಜೀರ್ಣೋದ್ಧಾರವಾಗಿ 2024ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ‘ಸತೀ ಸುಲೋಚನಾ’ಗೆ ಬಂದ ಗತಿಯು ಇದಕ್ಕೆ ಬಾರದಿರುವುದು ಸಂತೋಷದ ವಿಷಯ. ಆದರೆ ಪ್ರತಿಯು ಉಳಿದರೆ ಸಾಲದು. ನೋಡುವ ಕಣ್ಣುಗಳೂ ಬೇಕು. ಮನೆಯ ಹಿರಿಯರು ಮಕ್ಕಳನ್ನು ಹೊರಗೆ ಕಳುಹಿಸದೆ, ಅವರೊಡನೆಯೇ ಕುಳಿತು ಇವನ್ನು ನೋಡಲಿ. ನೋಡಿದ ಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರವನ್ನು ಹೇಳಲಿ. ನನ್ನ ಹಿರಿಯರು ಹಾಗೆ ಮಾಡಿದ್ದರೆ, ಆ ಶ್ಲೋಕಗಳ ಅರ್ಥವು ನನಗೆ ಎಷ್ಟೋ ವರ್ಷಗಳ ಮೊದಲೇ ತಿಳಿಯುತ್ತಿದ್ದಿತು.